ಕಣಜದ ಹುಳಕ್ಕೆ ಬಿದ್ದ ಸುತ್ತಿಗೆ

ಗಶ್ಪರ್ ಬೆಂಚೆವಿಚ್‌ಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ವಿಂಕೊವ್ಚಿ ಪಟ್ಟಣದ ಆಚೆ ಓಕ್ ಮರಗಳ ಕಾಡು, ಗೋಧಿ ಹೊಲ, ಹಂದಿಗಳ ಹಿಂಡು, ವೈನಿನ ಪೀಪಾಯಿಗೆ ಹಲಗೆ ಬೇಕೆಂದು ಫ್ರಾನ್ಸಿನಿಂದ ಹುಡುಕಿಕೊಂಡು ಬರುವ ಗಿರಾಕಿಗಳು. ತಾಳ್ಮೆಯೊಂದನ್ನು ಕೊಡಲು ಮಾತ್ರ ಮರೆತಿದ್ದ. ಅವತ್ತು ಬೆಳಿಗ್ಗೆ ಕಾಡಿಗೆ ಹೊರಟವನ ಮೂಗಿನ ಮುಂದೆ ಒಂದು ಕಣಜದ ಹುಳ ಗಿರಕಿ ಹೊಡೆಯತೊಡಗಿತು. ಟೊಪ್ಪಿ ಬೀಸಿದ, ಹೋಗಲಿಲ್ಲ. ಅದರ ವಂಶವನ್ನೆಲ್ಲ ಬೈದ, ಹೋಗಲಿಲ್ಲ. ಕೊನೆಗೆ ಅದು ಮನೆಯ ಮುಂದಿನ ಮುದಿ ಓಕ್ ಮರದಲ್ಲಿ, ತೊಗಟೆ ಉದುರಿ ಬೋಳಾಗಿದ್ದ ಜಾಗದಲ್ಲಿ ಕೂತಿತು. ಗಶ್ಪರ್ ಕೈಯಲ್ಲಿದ್ದದ್ದನ್ನು ಎತ್ತಿ ಒಂದೇಟು ಬಿಟ್ಟ.

ಹುಳ ಹಾರಿಹೋಯಿತು. ಮರದ ಮೇಲೆ ವೃತ್ತದೊಳಗೊಂದು ಶಿಲುಬೆ ಅಚ್ಚುಕಟ್ಟಾಗಿ ಮೂಡಿತು.

ಕೈಯಲ್ಲಿದ್ದದ್ದು ಮರಗಳಿಗೆ ಗುರುತು ಹೊಡೆಯುವ ಸುತ್ತಿಗೆ. ಅದರ ಏಟು ಬಿದ್ದ ಮರವನ್ನು ಕಡಿಯಲೇಬೇಕು. ಗುರುತಿಗೆ ಶಿಲುಬೆಯನ್ನು ಆರಿಸಿದ್ದು ಗಶ್ಪರನ ಅಪ್ಪ, ಮರಗಳ್ಳರು ಅದನ್ನು ಕೆತ್ತಿ ತೆಗೆಯಲು ಹೆದರಲಿ ಎಂದು. ಗಶ್ಪರ್ ಒಳಗೆ ಓಡಿ ಉಳಿ ತಂದ. ಶಿಲುಬೆಯ ಮೇಲೆ ಇಟ್ಟ. ಇಟ್ಟದ್ದನ್ನು ಹಾಗೇ ಹಿಂದಕ್ಕೆ ತೆಗೆದ. ಹೆದರಬೇಕಾದವರ ಪಟ್ಟಿಯಲ್ಲಿ ತಾನೂ ಇದ್ದೇನೆಂದು ಅವನಿಗೆ ಆಗಲೇ ಗೊತ್ತಾದದ್ದು.

ಆ ಮರ ಹೆಂಡತಿ ಮಾಂದಾಳ ತವರಿನ ಜಮೀನಿನ ಜೊತೆ ಬಂದದ್ದು. ಮಾವ ಸಾಯುವ ಮುಂಚೆ ಅಳಿಯನ ಕೈ ಹಿಡಿದು, ಆ ಮರವೊಂದಕ್ಕೆ ಕೈ ಹಚ್ಚಬೇಡಪ್ಪ ಎಂದು ಮಾತು ತೆಗೆದುಕೊಂಡಿದ್ದ. ಮಾಂದಾ ಪಕ್ಕದಲ್ಲೇ ಅಳುತ್ತ ನಿಂತಿದ್ದಳು. ಫ್ರೆಂಚ್ ಗಿರಾಕಿ ಬಂದಾಗಲೆಲ್ಲ ಅದನ್ನು ನೋಡಿ ಜೊಲ್ಲು ಸುರಿಸುತ್ತಿದ್ದ, ಅವನಿಗಿಂತ ಹೆಚ್ಚು ಗಶ್ಪರನೇ ಸುರಿಸುತ್ತಿದ್ದ. ಸಂಜೆ ಹೊತ್ತು ಅದರ ಕೆಳಗೆ ನಿಂತು, ಎಷ್ಟು ಪೀಪಾಯಿ ಆದೀತೆಂದು ಎಣಿಸಿ ನಿಟ್ಟುಸಿರು ಬಿಡುವುದು ಅವನ ಅಭ್ಯಾಸ. ಆದರೂ ಮುಟ್ಟಿರಲಿಲ್ಲ. ಮಾಂದಾ ಮುನಿಸಿಕೊಂಡರೆ ಬೈಯುವವಳಲ್ಲ, ಮಾತು ಬಿಡುವವಳು. ಹಿಂದೊಮ್ಮೆ ಅವಳ ತಮ್ಮನ ಕುದುರೆಯನ್ನು ಆಡಿಕೊಂಡನೆಂದು ಕ್ರಿಸ್‌ಮಸ್‌ನಿಂದ ಈಸ್ಟರ್‌ವರೆಗೆ ಮಾತು ಬಿಟ್ಟಿದ್ದಳು. ಆ ಚಳಿಗಾಲವನ್ನು ನೆನೆದರೆ ಗಶ್ಪರನಿಗೆ ಈಗಲೂ ಅಳು ಬರುತ್ತಿತ್ತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಗಾಡಿಯ ಸದ್ದು ಕೇಳಿತು. ಮಾಂದಾ ಸಂತೆಗೆ ಹೊರಟಳು. ನೋಡಿಲ್ಲ! ಗಶ್ಪರ್ ಉಸಿರು ಬಿಟ್ಟ.

ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವ ಮೊದಲೇ, ಮರ ಕಡಿಯುವವರ ಮೇಸ್ತ್ರಿ ಮಾರ್ತಿನ್ ಬೇಲಿಯಾಚೆ ನಿಂತಿದ್ದ.

"ಕೊನೆಗೂ ಮನಸ್ಸು ಮಾಡಿದ್ರಲ್ಲ ಧಣಿ! ಮಧ್ಯಾಹ್ನ ದೊಡ್ಡ ಗರಗಸ ತಂದುಬಿಡ್ತೀವಿ."

"ಅಲ್ಲ ಮಾರ್ತಿನ್, ಅದು... ಹಾಗಲ್ಲ..."

"ಸುತ್ತಿಗೆ ಏಟು ಬಿದ್ದ ಮೇಲೆ ಯಾರ ಮಾತೂ ಕೇಳಬೇಡಿ, ನನ್ನ ಮಾತೂ ಕೇಳಬೇಡಿ ಅಂತ ಹೋದ ವರ್ಷ ನೀವೇ ಕಿರುಚಿದ್ರಿ. ಕೇಳಲ್ಲ ಬಿಡಿ." ಮಾರ್ತಿನ್ ನಡೆದೇಬಿಟ್ಟ.

ಹುಳ ಹೊಡೆಯಲು ಹೋಗಿ ಹೀಗಾಯಿತೆಂದು ಕೂಗಿ ಹೇಳಬಹುದಿತ್ತು. ಹೇಳಿದರೆ ಇಡೀ ಕಾಡು ನಗುತ್ತಿತ್ತು. ಗಶ್ಪರ್ ಒಳಗೆ ಹೋಗಿ, ಮಂಚದ ಮೇಲೆ ತೂಗುತ್ತಿದ್ದ ಮೇರಿ ಮಾತೆಯ ಚಿತ್ರವನ್ನು ತಂದು ಗುರುತಿನ ಮೇಲೆ ಸರಿಯಾಗಿ ನೇತುಹಾಕಿದ. ಗುರುತೂ ಮುಚ್ಚಿತು, ಮಾತೆ ಇರುವ ಮರಕ್ಕೆ ಗರಗಸ ಹಚ್ಚುವ ಧೈರ್ಯವೂ ಯಾರಿಗೂ ಬಾರದು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಮೀಸೆ ತಿರುವಿದ.

ಪಕ್ಕದ ಮನೆಯ ಮುದುಕಿ ಯಾನ್ಯಾ ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಬಂದವಳು ಚಿತ್ರವನ್ನು ಕಂಡು ಅಲ್ಲೇ ಮಂಡಿಯೂರಿದಳು. ಆ ಸೀಮೆಯಲ್ಲಿ ಸುಮ್ಮಸುಮ್ಮನೆ ಯಾರೂ ಮರಕ್ಕೆ ಮಾತೆಯನ್ನು ತೂಗುಹಾಕುವುದಿಲ್ಲ.

"ಲೋ ಗಶ್ಪರಾ! ಕಾಣಿಸಿಕೊಂಡ್ಲೇನೋ ತಾಯಿ?"

"ಹಾಗೇನಿಲ್ಲ ಯಾನ್ಯಕ್ಕಾ..."

"ನನ್ನ ಹತ್ರ ಮುಚ್ಚಿಡ್ತೀಯಾ? ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ, ಹೆಂಗೆ ಬಿಳಿಚ್ಕೊಂಡಿದೆ!"

ಅವಳ ಬಾಯಿ ಮುಚ್ಚಿಸಲು ಗಶ್ಪರ್ ಮನೆಯ ಪ್ಲಮ್ ಸಾರಾಯಿಯನ್ನು ಒಂದು ಲೋಟ ಕೊಟ್ಟ. ಮುಚ್ಚಲಿಲ್ಲ, ಇನ್ನೊಂದು ಕೊಟ್ಟ. ಮೂರನೆಯದು ಮುಗಿಯುವ ಹೊತ್ತಿಗೆ ಯಾನ್ಯಾ ಕೆನ್ನೆಯಿಂದ ಕೈ ತೆಗೆದು ಕಣ್ಣರಳಿಸಿದಳು.

"ನೋವು ಹೋಯ್ತು ಕಣೋ! ಅಯ್ಯೋ ತಾಯೀ, ನೋವೇ ಇಲ್ಲ!"

ಗಶ್ಪರ್ ತಡೆಯುವುದರೊಳಗೆ ಅವಳು ಬೀದಿಗಿಳಿದು ಕೂಗತೊಡಗಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಮನೆಯ ಮುಂದೆ ಅರ್ಧ ಊರು ನೆರೆಯಿತು. ಸೊಂಟನೋವಿನವರು ಮರಕ್ಕೆ ಸೊಂಟ ಉಜ್ಜಿದರು, ಒಬ್ಬನಂತೂ ಕುಂಟುವ ಹಂದಿಯನ್ನೇ ಹೊತ್ತು ತಂದ. ಎಲ್ಲರೂ ಯಾನ್ಯಾಳ ಹಾಗೆಯೇ ಮೊದಲು ಸಾರಾಯಿ ಕೇಳಿದರು, ಹರಕೆಯ ಕ್ರಮವೇ ಅದು ಎಂಬಂತೆ. ಪೀಪಾಯಿ ತಳ ಕಂಡಿತು.

ಕೊನೆಗೆ ಫಾದರ್ ಅಂಬ್ರೊಜ್ ಬಂದರು. ಚರ್ಚಿನ ಹೊಸ ಗಂಟೆಗಾಗಿ ಚಂದಾ ಕೇಳಿದಾಗಲೆಲ್ಲ ಹೊಟ್ಟೆನೋವೆನ್ನುವ ಗಶ್ಪರನನ್ನು ಕಣ್ತುಂಬ ನೋಡಿದರು.

"ನಿನ್ನಲ್ಲಿ ಇಷ್ಟು ಭಕ್ತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ಮಗನೇ."

"ನನಗೂ ಗೊತ್ತಿರಲಿಲ್ಲ ಫಾದರ್," ಎಂದ ಗಶ್ಪರ್. ಅವತ್ತು ಅವನಾಡಿದ ನಿಜವಾದ ಮಾತು ಅದೊಂದೇ.

ಫಾದರ್ ತೀರ್ಥ ಚಿಮುಕಿಸಿ ಮರವನ್ನು ಹರಸಿದರು. ಪ್ರತಿವರ್ಷ ಇದೇ ದಿನ ಚರ್ಚಿನಿಂದ ಇಲ್ಲಿಗೆ ಮೆರವಣಿಗೆ, ಬಂದವರಿಗೆಲ್ಲ ಗಶ್ಪರನ ಮನೆಯಲ್ಲಿ ಊಟ ಎಂದು ಸಾರಿದರು. "ಇನ್ನು ಈ ಮರಕ್ಕೆ ಕೊಡಲಿ ಹಚ್ಚಿದವನು ಪಾಪನಿವೇದನೆಗೆ ಅಂತ ನನ್ನ ಹತ್ತಿರ ಬರೋದೇ ಬೇಡ!" ಗರಗಸ ಹೊತ್ತು ಬಂದಿದ್ದ ಮಾರ್ತಿನ್ ಟೊಪ್ಪಿ ತೆಗೆದು ಮಂಡಿಯೂರಿದ. ಗಶ್ಪರ್ ಬೆರಳು ಮಡಿಸಿ ಊಟದ ಖರ್ಚು ಲೆಕ್ಕ ಹಾಕಿದ. ಆದರೂ ಮಾಂದಾ ಮಾತು ಬಿಡುವುದಿಲ್ಲವಲ್ಲ ಎಂದು ಸಮಾಧಾನವಾಯಿತು.

ಜನ ಕರಗುವಾಗ ಮಾಂದಾಳ ಗಾಡಿ ಬಂತು. ಗಾಡಿಯ ತುಂಬ ಗುಲಾಬಿ ಸಸಿಗಳು, ಮೇಲೊಂದು ಹೊಸ ಕಿಟಕಿ ಪರದೆ. ಹಾಡು ಗುನುಗುತ್ತ ಇಳಿದವಳು ಮರವನ್ನೂ ಮೇಣದಬತ್ತಿಗಳನ್ನೂ ನೋಡಿ ಹಾಡು ನಿಲ್ಲಿಸಿದಳು.

"ಏನ್ರೀ ಇದು?"

"ಹೆದರಬೇಡ ಕಣೇ. ನಿಮ್ಮಪ್ಪನ ಮರಕ್ಕೆ ಇನ್ನು ಯಾರೂ ಕೈ ಹಚ್ಚೋ ಹಾಗಿಲ್ಲ."

ಮಾಂದಾ ಗಾಡಿಯ ಗಾಲಿಗೆ ಒರಗಿ ನಿಂತಳು. "ಬೆಳಿಗ್ಗೆ ನೀವು ಸುತ್ತಿಗೆ ಹೊಡೆದಾಗ ನಾನು ಅಡುಗೆಮನೆ ಕಿಟಕೀಲೇ ಇದ್ದೆ ಕಣ್ರೀ. ಎಷ್ಟು ಖುಷಿಯಾಯ್ತು ಗೊತ್ತಾ? ಮದುವೆಯಾದಾಗಿಂದ ಆ ಅಡುಗೆಮನೆಗೆ ಬಿಸಿಲೇ ಬಿದ್ದಿಲ್ಲ. ಹಗಲಲ್ಲೂ ದೀಪ ಹಚ್ಕೊಂಡು ಹಿಟ್ಟು ನಾದ್ತೀನಿ. ಇನ್ನಾದ್ರೂ ಬೆಳಕು ಬರುತ್ತೆ ಅಂತ ಗುಲಾಬಿ ತಂದೆ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಗಶ್ಪರನ ದನಿ ಕೀರಲಾಯಿತು. "ಅದನ್ನ ಮಾರಬೇಕು ಅಂತ ನಾನು ದಿನಾ ಸಾಯ್ತಿದ್ದೆ ಕಣೇ!"

"ಸಂಜೆ ಅದರ ಕೆಳಗೆ ನಿಂತು ನಿಟ್ಟುಸಿರು ಬಿಡ್ತಿದ್ರಲ್ಲ. ಪಾಪ, ನಮ್ಮಪ್ಪನ್ನ ನೆನೆಸ್ಕೊಳ್ತಾರೆ ಅಂದ್ಕೊಂಡೆ."

ಮಾಂದಾ ಇನ್ನೇನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ಬಾಯಿ ಮುಚ್ಚಿ, ಪರದೆಯನ್ನು ಬಗಲಲ್ಲಿಟ್ಟುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ದೀಪ ಹತ್ತಿತು. ಗಶ್ಪರ್ ಈಸ್ಟರ್ ಎಷ್ಟು ದೂರವಿದೆಯೆಂದು ಯೋಚಿಸುತ್ತ ಮರದ ಕೆಳಗೆ ನಿಂತ.

ಕಣಜದ ಹುಳ ಎಲ್ಲಿಂದಲೋ ಹಾರಿ ಬಂದು ಚಿತ್ರದ ಚೌಕಟ್ಟಿನ ಮೇಲೆ ಕೂತಿತು. ಗಶ್ಪರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.