ಗಿಟಾರಿನೊಳಗಿನ ನಿಂಬೆಹೋಳು

ಶನಿವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಸೂರತ್‌ನ ಅಡಾಜಣ್‌ನಲ್ಲಿರುವ ಉಡುಪಿ ಹೋಟೆಲೊಂದರ ಫೋನ್ ಹೊಡೆದುಕೊಂಡಿತು. ಇಂಟರ್ನೆಟ್ಟಿನಲ್ಲಿ ಕೊಂಡ ಹಳೆಯ ಗಿಟಾರನ್ನು ವಾಪಸ್ ತೆಗೆದುಕೊಳ್ಳಬೇಕೆಂದು ವಡೋದರಾದ ಹಸಮುಖಭಾಯ್ ಎಂಬವರು ಕೇಳಿದರು. ಮಾರಿದವನು ಹೋಟೆಲಿನ ಕ್ಯಾಷಿಯರ್ ದಿವಾಕರ. ರಿಸೀವರ್ ಅವನ ಕೈಯಲ್ಲೇ ಇತ್ತು.

“ಅರೇ ಭಾಯ್, ನೀವು ಕಳಿಸಿದ್ದು ಗಿಟಾರೋ ಮಾಟವೋ?” ಹಸಮುಖಭಾಯ್ ಹಿಂದಿಯಲ್ಲಿ ಶುರುಮಾಡಿ, ಸಿಟ್ಟೇರಿದಂತೆಲ್ಲ ಗುಜರಾತಿಗೆ ಜಾರುತ್ತಿದ್ದರು. “ಅಲ್ಲಾಡಿಸಿದರೆ ಒಳಗೆ ಏನೋ ಉರುಳುತ್ತೆ. ಟಾರ್ಚ್ ಬಿಟ್ಟು ನೋಡಿದರೆ ಅರ್ಧ ನಿಂಬೆಹಣ್ಣು! ಅದರ ಮೇಲೆ ಕುಂಕುಮ! ಬೂಷ್ಟು ಬೇರೆ ಹಿಡಿದಿದೆ. ಬುಧವಾರ ಪೆಟ್ಟಿಗೆ ಬಿಚ್ಚಿದೆವು, ಗುರುವಾರ ಮಗಳಿಗೆ ನೂರಾಮೂರು ಜ್ವರ. ನನ್ನ ಹೆಂಡತಿ ಮನೆಯೊಳಗೆ ಕಾಲಿಡುತ್ತಿಲ್ಲ, ಪಕ್ಕದ ಮನೆಯಲ್ಲಿ ಕೂತಿದ್ದಾಳೆ!”

ದಿವಾಕರನಿಗೆ ವಿಷಯ ತಕ್ಷಣ ಅರ್ಥವಾಯಿತು. ಹಿಂದಿನ ಶನಿವಾರ ಹೋಟೆಲಿನಲ್ಲಿ ಆಯುಧಪೂಜೆ ನಡೆದಿತ್ತು. ಮಾಲೀಕರಾದ ವಾಸುದೇವ ರಾಯರು ವರ್ಷದಲ್ಲಿ ಅದೊಂದು ದಿನ ಗಲ್ಲಾಪೆಟ್ಟಿಗೆ ಬಿಟ್ಟು ಪುರೋಹಿತರಾಗುತ್ತಾರೆ. ರುಬ್ಬುವ ಯಂತ್ರ, ಗ್ಯಾಸಿನ ಒಲೆ, ತಕ್ಕಡಿ, ಸ್ಕೂಟರು, ಕ್ಯಾಲ್ಕುಲೇಟರು, ಯಾವುದನ್ನೂ ಅವರು ಬಿಡುವುದಿಲ್ಲ. ಎಲ್ಲಕ್ಕೂ ಗಂಧ, ಕುಂಕುಮ, ಹೂವು, ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು. ಸೋಮವಾರ ಕೊರಿಯರ್‌ಗೆ ಹೋಗಬೇಕಿದ್ದ ಗಿಟಾರನ್ನೂ ಕೊನೆಯ ಪೂಜೆಗೆಂದು ದಿವಾಕರ ಆ ಸಾಲಿನಲ್ಲಿ ಇಟ್ಟಿದ್ದ. “ಸ್ಕೂಟರಿಗಾದ್ರೆ ಚಕ್ರದ ಅಡಿ ಇಡಬಹುದು. ಇದಕ್ಕೆ ಎಲ್ಲಿ ಇಡುದು ಮಾರಾಯ?” ಎಂದು ರಾಯರು ಅರೆಗಳಿಗೆ ಯೋಚಿಸಿ, ತಂತಿಗಳನ್ನು ಬೆರಳಿನಿಂದ ಅಗಲಿಸಿ, ಹೋಳನ್ನು ತೂತಿನೊಳಗೆ ತುರುಕಿದ್ದರು. ಆಮೇಲೆ ಅದನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ.

“ಹಸಮುಖಭಾಯ್, ನಾನೇ ಬಂದು ಗಿಟಾರ್ ತಗೊಂಡು ಹೋಗ್ತೇನೆ. ಇವತ್ತೇ ಬರ್ತೇನೆ. ದುಡ್ಡೂ ಪೂರ್ತಿ ಕೊಡ್ತೇನೆ,” ಎಂದ ದಿವಾಕರ. ಅವನ ಧ್ವನಿಯಲ್ಲಿದ್ದ ಸಂತೋಷ ಕೇಳಿ ಹಸಮುಖಭಾಯ್‌ಗೆ ಜಗಳ ಮುಂದುವರಿಸುವುದು ಹೇಗೆಂದು ತಿಳಿಯಲಿಲ್ಲ. ಅವರು ಫೋನ್ ಇಟ್ಟರು.

ಗಿಟಾರು ದಿವಾಕರನ ತಮ್ಮ ಅಮೋಘನದು. ಅವನು ಪಾಂಡೇಸರಾದ ಡೈಯಿಂಗ್ ಮಿಲ್ಲೊಂದರಲ್ಲಿ ಬಣ್ಣ ಬೆರೆಸುವ ಕೆಲಸದಲ್ಲಿದ್ದ. ಮೊದಲ ಸಂಬಳದಲ್ಲಿ ಅದನ್ನು ಕೊಂಡು ತಂದ. ನುಡಿಸಲು ಮೂರೇ ಮೂರು ಸ್ವರಮೇಳ ಬರುತ್ತಿತ್ತು. ಭಜನೆಗೂ ಅವೇ ಮೂರು, ಸಿನಿಮಾ ಹಾಡಿಗೂ ಅವೇ ಮೂರು. ಅತ್ತಿಗೆ ಸುಮಿತ್ರಾ ದೋಸೆ ಹುಯ್ಯುವಾಗ ಕಾವಲಿಯ ಸದ್ದಿಗೂ ಅವೇ. ಮಿಲ್ಲಿನ ನೀಲಿ ಬಣ್ಣ ಅವನ ಉಗುರಿನಿಂದ ಹೋಗದೆ, ಗಿಟಾರಿನ ಹಿಡಿಯ ಹಿಂದೆ ಹೆಬ್ಬೆರಳಿನ ಗುರುತಾಗಿ ಉಳಿದಿತ್ತು. ಎರಡು ವರ್ಷದ ಹಿಂದೆ ಮಲೇರಿಯಾ ಬಂದು ಐದನೆಯ ದಿನ ಅವನು ತೀರಿಕೊಂಡ. ವಯಸ್ಸು ಇಪ್ಪತ್ತಮೂರು.

ಅಲ್ಲಿಂದೀಚೆಗೆ ಗಿಟಾರು ಬೀರುವಿನ ಪಕ್ಕದ ಮೂಲೆಯಲ್ಲಿ ಒರಗಿತ್ತು. ಗುಡಿಸುವಾಗ ಪೊರಕೆ ತಾಗಿ ತಂತಿ ಮಿಡಿದರೆ ಸುಮಿತ್ರಾ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ಹೋದವರ ಸಾಮಾನು ಕಣ್ಣೆದುರು ಇಟ್ಟುಕೊಂಡು ಕೂತ್ರೆ ಸಂಕಟ ಕಡಿಮೆ ಆಗುದಿಲ್ಲ,” ಎಂದು ರಾಯರು ಎರಡು ವರ್ಷ ಹೇಳಿ ಹೇಳಿ, ಕೊನೆಗೆ ದಿವಾಕರ ಒಪ್ಪಿದ್ದ. ಕೊರಿಯರಿನವನು ಪೆಟ್ಟಿಗೆ ಒಯ್ದ ಸಂಜೆಯೇ ಅವನಿಗೆ ತಪ್ಪಿನ ಅರಿವಾಯಿತು. ಸುಮಿತ್ರಾ ಗುಡಿಸುವಾಗ ಆ ಮೂಲೆಯಲ್ಲಿ ಪೊರಕೆಯನ್ನು ನಿಧಾನ ಮಾಡಿದಳು, ಅಲ್ಲಿ ತಾಗುವುದಕ್ಕೆ ಏನೂ ಇರಲಿಲ್ಲ. ಆದರೆ ಮಾರಿದ್ದನ್ನು ವಾಪಸ್ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಐದು ದಿನ ಅವನು ಅದನ್ನೇ ಯೋಚಿಸಿದ್ದ. ಈಗ ಕೊಂಡವನೇ ಬಯ್ದು ವಾಪಸ್ ಕೊಡುತ್ತಿದ್ದಾನೆ.

ದಿವಾಕರ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿದ್ದ ಮನೆಗೆ ಓಡಿದ. ಸುದ್ದಿ ಕೇಳಿ ಸುಮಿತ್ರಾ ಸೌಟು ಹಿಡಿದೇ ನಿಂತಳು.

“ಯಾರ ಮಾತೂ ಕೇಳ್ಬೇಡಿ. ತಕೊಂಡೇ ಬನ್ನಿ,” ಎಂದಳು.

ಅವನು ಅಂಗಿ ಬದಲಿಸಿ ಹೋಟೆಲಿಗೆ ಮರಳುವಷ್ಟರಲ್ಲಿ ಸುದ್ದಿ ಇಡ್ಲಿ ಸ್ಟೀಮರಿನ ಹಬೆಯಂತೆ ಎಲ್ಲ ಟೇಬಲಿಗೂ ಹರಡಿತ್ತು. ರಾಯರು ಗಲ್ಲಾಪೆಟ್ಟಿಗೆಯ ಮೇಲೆ ಮುಷ್ಟಿ ಊರಿ ನಿಂತಿದ್ದರು.

“ಎಂತದು, ಮಾಟ ಅಂತೆ? ನಾನು ಮಂತ್ರ ಹೇಳಿ ಇಟ್ಟ ಲಿಂಬೆ ಅದು! ಪೂಜೆಗೂ ಮಾಟಕ್ಕೂ ವ್ಯತ್ಯಾಸ ಗೊತ್ತಿಲ್ವಾ ಅವರಿಗೆ?”

“ಇರಲಿ ರಾಯರೇ, ನಾನು ಹೋಗಿ ತಕೊಂಡು ಬರ್ತೇನೆ.”

“ತಕೊಂಡು ಬರುದಾ! ಎಂತಕ್ಕೆ? ನೀನು ತಪ್ಪು ಮಾಡಿದ್ದೀಯಾ? ಹೆದರಬೇಡ ಮಾರಾಯ, ನಾವೆಲ್ಲ ಇದ್ದೇವೆ.”

ಮೂಲೆಯ ಟೇಬಲಿನಿಂದ ಪ್ರಜ್ವಲ್ ಎದ್ದು ಬಂದ. ಮೈಸೂರಿನ ಹುಡುಗ, ಕಂಪನಿಯೊಂದರಲ್ಲಿ ಇಂಜಿನಿಯರ್, ಮೂರು ಹೊತ್ತೂ ಇಲ್ಲೇ ಊಟ. ಗಿಟಾರಿನ ಫೋಟೋ ತೆಗೆದು ಸೈಬರ್ ಕೆಫೆಯಿಂದ ಹರಾಜಿನ ವೆಬ್‌ಸೈಟಿಗೆ ಹಾಕಿದವನು ಅವನೇ. ಅದು ಅವನ ಹೆಸರಿನ ಖಾತೆ.

“ಅಣ್ಣ, ತಪ್ಪು ಒಪ್ಕೊಂಡ್ರೆ ಮುಗೀತು. ನೆಗೆಟಿವ್ ಫೀಡ್‌ಬ್ಯಾಕ್ ಹಾಕ್ತಾನೆ. ಇಪ್ಪತ್ತೆರಡು ಪಾಸಿಟಿವ್ ಇದೆ ನಂದು, ಒಂದೂ ಕಪ್ಪು ಚುಕ್ಕೆ ಇಲ್ಲ! ನಾನೂ ಬರ್ತೀನಿ. ಸೈಟಿನ ರೂಲ್ಸ್ ಪ್ರಿಂಟ್ ತಗೊಂಡ್ ಹೋಗೋಣ. ಬಳಸಿದ ವಸ್ತು ವಾಪಸ್ ಇಲ್ಲ ಅಂತ ಏಳನೇ ರೂಲಲ್ಲಿ ಕ್ಲಿಯರಾಗಿದೆ.”

ನನಗೆ ಅದು ವಾಪಸ್ ಬೇಕು ಎಂದು ದಿವಾಕರ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಎರಡು ವರ್ಷ ಬುದ್ಧಿ ಹೇಳಿದ ರಾಯರು ಎದುರಿಗಿದ್ದರು. ನಲವತ್ತು ವರ್ಷದ ಗಂಡಸು, ಸಾಂಬಾರು ತಿನ್ನುತ್ತ ಕಿವಿಗೊಟ್ಟಿದ್ದ ಹನ್ನೆರಡು ಗಿರಾಕಿಗಳ ಮುಂದೆ, ತಮ್ಮನ ನೆನಪಾಗುತ್ತದೆ ಎಂದು ಹೇಗೆ ಹೇಳುವುದು? “ಸರಿ, ಹೊರಡುವ,” ಎಂದ.

“ಖಾಲಿ ಕೈಯಲ್ಲಿ ಹೋಗ್ಬೇಡ,” ಎಂದರು ರಾಯರು. “ಇವತ್ತು ಚಂದನಿ ಪಡವೊ. ಒಂದು ಕಿಲೋ ಘಾರಿ ತಕೊಂಡು ಹೋಗು. ಬಾಯಿ ಸಿಹಿಯಾದ್ರೆ ಜಗಳ ಅರ್ಧ ಮುಗಿದ ಹಾಗೆ.”

ಶರದ್ ಪೂರ್ಣಿಮೆಯ ಮರುದಿನ ಸೂರತ್‌ಗೆ ಸೂರತ್ತೇ ಘಾರಿ ತಿನ್ನುತ್ತದೆ. ತುಪ್ಪದಲ್ಲಿ ಮುಳುಗಿಸಿ ತೆಗೆದ ಆ ಸಿಹಿಯ ಅಂಗಡಿಯ ಮುಂದೆ ರೇಷನ್ ಅಂಗಡಿಯನ್ನು ನಾಚಿಸುವ ಸಾಲಿತ್ತು. ಅಲ್ಲಿ ಒಂದು ಗಂಟೆ ಹೋಯಿತು. ಸೈಬರ್ ಕೆಫೆಯಲ್ಲಿ ಪ್ರಿಂಟರು ಮೂರನೆಯ ಹಾಳೆಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿತು. ಕೆಫೆಯವನು ಅದರ ಮುಚ್ಚಳ ತೆಗೆದು, ಊದಿ, ತಟ್ಟಿ, ಕೊನೆಗೆ ಗದರಿಸಿದ.

“ಬಿಡಾ ಪ್ರಜ್ವಲ್, ಕಾಗದ ಬೇಡ,” ಎಂದು ದಿವಾಕರ ನಾಲ್ಕು ಸಲ ಹೇಳಿದ.

“ನಿಮ್ಗೋಸ್ಕರನೇ ಅಣ್ಣ ನಾನು ರಜ ಹಾಕಿರೋದು,” ಎಂದ ಪ್ರಜ್ವಲ್. ಏಳನೆಯ ನಿಯಮ ಕೈಗೆ ಬಂದಾಗ ಹತ್ತೂಕಾಲು. ಒಂಬತ್ತೂ ಐದರ ರೈಲು ಆಗಲೇ ಭರೂಚ್ ದಾಟಿತ್ತು.

ಹನ್ನೊಂದೂ ಇಪ್ಪತ್ತರ ರೈಲಿನಲ್ಲಿ ಇಬ್ಬರಿಗೂ ನಿಲ್ಲಲು ಜಾಗ ಸಿಕ್ಕಿತು, ಘಾರಿಯ ಡಬ್ಬಿಗೆ ಸಿಗಲಿಲ್ಲ. ದಿವಾಕರ ಅದನ್ನು ಎದೆಗೆ ಒತ್ತಿಕೊಂಡ. ಅಂಕಲೇಶ್ವರ ಬರುವಷ್ಟರಲ್ಲಿ ತುಪ್ಪ ಇಳಿದು ಅಂಗಿಯ ಜೇಬು, ಜೇಬಿನಲ್ಲಿದ್ದ ನೋಟು, ಪ್ರಜ್ವಲ್ ಒಪ್ಪಿಸಿದ್ದ ನಿಯಮಾವಳಿ ಎಲ್ಲ ತೋಯ್ದವು. ಪಕ್ಕದ ಸೀಟಿನ ಮುದುಕಿಯೊಬ್ಬರು ಡಬ್ಬಿ ನೋಡಿ, “ಹೆಣ್ಣು ನೋಡೋಕೆ ಹೊರಟಿದ್ದೀಯೇನಪ್ಪಾ, ಈ ವಯಸ್ಸಿಗೆ?” ಎಂದು ಗುಜರಾತಿಯಲ್ಲಿ ಕೇಳಿದರು. ಪ್ರಜ್ವಲ್ ನಕ್ಕ. ದಿವಾಕರನೂ ನಕ್ಕ. ಎರಡು ವರ್ಷದಲ್ಲಿ ಅವನು ಅಷ್ಟು ಸಲೀಸಾಗಿ ನಕ್ಕಿರಲಿಲ್ಲ. ವಾಪಸ್ ಬರುವಾಗ ಗಿಟಾರನ್ನು ಎಲ್ಲಿ ಇಡುವುದು, ಮೇಲಿನ ಬರ್ತಿನಲ್ಲೋ ತೊಡೆಯ ಮೇಲೋ ಎಂದು ಅವನು ಲೆಕ್ಕ ಹಾಕುತ್ತಿದ್ದ. ತೊಡೆಯ ಮೇಲೆ ಎಂದು ತೀರ್ಮಾನಿಸಿದ.

ಹಸಮುಖಭಾಯ್ ಮನೆ ಮುಟ್ಟಿದಾಗ ಎರಡೂಕಾಲು. ಬಾಗಿಲು ತೆರೆದವರು ಅವರೇ. ಈಗಷ್ಟೇ ಸ್ನಾನ ಮಾಡಿದ ತಲೆ, ಹಣೆಯಲ್ಲಿ ಹೊಸ ತಿಲಕ, ಮುಖದಲ್ಲಿ ಬೆಳಗಿನ ಸಿಟ್ಟಿನ ಗುರುತೇ ಇಲ್ಲ. ಪಕ್ಕದ ಮನೆಯಲ್ಲಿ ಕೂತಿದ್ದ ಹೆಂಡತಿಯೂ ಮರಳಿ ಬಂದು ನೀರು ತಂದಿಟ್ಟರು.

ಪ್ರಜ್ವಲ್ ತುಪ್ಪದಲ್ಲಿ ಪಾರದರ್ಶಕವಾದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. “ನೋಡಿ ಸಾರ್, ರೂಲ್ ನಂಬರ್ ಸೆವೆನ್...”

“ಅದೆಲ್ಲ ಯಾಕೆ ಬೇಟಾ? ಜಗಳ ಮುಗೀತು,” ಎಂದರು ಹಸಮುಖಭಾಯ್. “ಮಗಳ ಜ್ವರ ನೂರಕ್ಕೆ ಇಳಿದಿದೆ.”

“ಗಿಟಾರ್ ಕೊಟ್ಟುಬಿಡಿ, ಹೊರಡ್ತೇವೆ,” ಎಂದು ದಿವಾಕರ ನೋಟುಗಳನ್ನು ತೆಗೆದ.

ಹಸಮುಖಭಾಯ್ ಅವನ ಹೆಗಲ ಮೇಲೆ ಕೈ ಇಟ್ಟರು. “ನಿಮಗೆ ಆ ಕಷ್ಟ ಇಲ್ಲ ಭಾಯ್. ನಿಮ್ಮ ಸೇಠ್ ಒಂಬತ್ತೂವರೆಗೆ ಫೋನ್ ಮಾಡಿದ್ದರು. ಎಂಥ ದೇವರಂಥ ಮನುಷ್ಯ! ‘ಅದು ನಮ್ಮ ಹುಡುಗನ ತೀರಿಹೋದ ತಮ್ಮನದು. ವಾಪಸ್ ಬಂದರೆ ಮನೆಯಲ್ಲಿ ಮತ್ತೆ ಅಳು ಶುರುವಾಗುತ್ತೆ. ಅವನು ಸಂಕೋಚದವನು, ನೀವು ಕೊಟ್ಟರೆ ಬೇಡ ಅನ್ನಲಾರ, ಹೊತ್ತುಕೊಂಡು ಬಂದುಬಿಡುತ್ತಾನೆ. ಅವನು ಬರುವ ಮೊದಲೇ ಹರಿಯುವ ನೀರಿಗೆ ಬಿಟ್ಟುಬಿಡಿ. ನಿಮ್ಮ ಮಗಳಿಗೂ ಒಳ್ಳೆಯದು, ಅವನಿಗೂ ಒಳ್ಳೆಯದು. ದುಡ್ಡು ನಾನು ಕಳಿಸುತ್ತೇನೆ’ ಅಂದರು. ಸ್ಕೂಟರಿನಲ್ಲಿ ಸಿಂಧರೋಟ್‌ಗೆ ಹೋಗಿ ಮಹಿ ನದಿಗೆ ಬಿಟ್ಟು ಬಂದೆ.”

ದಿವಾಕರನ ಕೈ ನೋಟಿನ ಸಮೇತ ಹಾಗೇ ನಿಂತಿತು. “ಎಷ್ಟು ಹೊತ್ತಿಗೆ?” ಎಂದು ಕೇಳಿದ.

“ಮಧ್ಯಾಹ್ನ ಒಂದು ಗಂಟೆ ಇರಬೇಕು. ಸುಲಭದಲ್ಲಿ ಹೋಗಲಿಲ್ಲ ನೋಡಿ! ನೀರಿಗೆ ಬಿಟ್ಟರೆ ತೇಲಿಕೊಂಡು ದಡಕ್ಕೆ ಬಂತು. ದೂಡಿದೆ, ಮತ್ತೆ ಬಂತು. ಮೂರು ಸಲ ವಾಪಸ್ ಬಂತು ಭಾಯ್, ಎಂಥ ಹಠದ ಸಾಮಾನು! ಕೊನೆಗೆ ಆ ತೂತಿನಿಂದ ಒಳಗೆ ಕಲ್ಲು ತುಂಬಿಸಿದೆ. ಆಗ ಹೋಯಿತು.”

ಒಳಗಿನ ಕೋಣೆಯಲ್ಲಿ ಹುಡುಗಿಯೊಬ್ಬಳು ಅತ್ತು ಮೂಗೆಳೆಯುವುದು ಕೇಳಿಸಿತು. “ಇವಳೊಬ್ಬಳು ಬೆಳಿಗ್ಗೆಯಿಂದ ಅಳುತ್ತಾ ಇದ್ದಾಳೆ, ಅದೇ ಬೇಕಂತೆ,” ಎಂದು ಹಸಮುಖಭಾಯ್ ನಕ್ಕರು.

ದಿವಾಕರ ನೋಟುಗಳನ್ನು ಟೀಪಾಯಿಯ ಮೇಲೆ ಇಟ್ಟ. “ಅಣ್ಣ, ರಾಯರು ಕೊಡ್ತಾರಂತಲ್ಲ!” ಎಂದು ಪ್ರಜ್ವಲ್ ಕನ್ನಡದಲ್ಲಿ ಪಿಸುಗುಟ್ಟಿದ. ಘಾರಿಯ ಡಬ್ಬಿಯನ್ನೂ ಇಟ್ಟು ದಿವಾಕರ ಎದ್ದ. ಹಸಮುಖಭಾಯ್ ಗೇಟಿನವರೆಗೂ ಬಂದು, ವೆಬ್‌ಸೈಟಿನಲ್ಲಿ ತುಂಬ ಒಳ್ಳೆಯ ಮಾತು ಬರೆಯುವುದಾಗಿ ಭರವಸೆ ಕೊಟ್ಟರು. ಪ್ರಜ್ವಲ್ ಅವರ ಕೈ ಕುಲುಕಿದ.

ರೈಲಿನಲ್ಲಿ ಈ ಸಲ ಇಬ್ಬರಿಗೂ ಸೀಟು ಸಿಕ್ಕಿತು. “ಗೆದ್ವಲ್ಲ ಅಣ್ಣ, ಯಾಕೆ ಹಿಂಗಿದ್ದೀರಾ?” ಎಂದು ಪ್ರಜ್ವಲ್ ಭರೂಚ್‌ನಲ್ಲಿ ಒಮ್ಮೆ ಕೇಳಿದ. ಆಮೇಲೆ ನಿದ್ದೆ ಹೋದ. ದಿವಾಕರ ಸೂರತ್‌ವರೆಗೂ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಸಂಜೆ ಏಳಕ್ಕೆ ರಾಯರು ಹೋಟೆಲಿನ ಬಾಗಿಲಲ್ಲೇ ಕಾಯುತ್ತಿದ್ದರು. “ಎಲ್ಲ ಸುಸೂತ್ರ ಆಯ್ತಲ್ಲಾ? ನೀನು ಹೊರಟ ಮೇಲೆ ನಾನೇ ಫೋನ್ ಮಾಡಿದ್ದು. ನಿನ್ನ ಬಾಯಲ್ಲಿ ಬೇಡ ಅಂತ ಬರುದಿಲ್ಲ, ನನಗೆ ಗೊತ್ತುಂಟು. ದುಡ್ಡಿನ ಚಿಂತೆ ಬೇಡ.” ಅವರ ಕಣ್ಣು ತೇವವಾಗಿತ್ತು. “ಅಮೋಘ ನನಗೂ ಮಗನ ಹಾಗೆಯೇ ಇದ್ದ ಮಾರಾಯ. ಇನ್ನು ನಿನಗೆ ಆ ಸಂಕಟ ಇಲ್ಲ.”

“ಹೌದು ರಾಯರೇ. ದೊಡ್ಡ ಉಪಕಾರ ಆಯ್ತು,” ಎಂದ ದಿವಾಕರ.

ಅವನು ಮನೆಗೆ ಹೋದ. ಗಿಟಾರಿಗೆ ಇನ್ನು ಮೂಲೆ ಬೇಡ, ಪೊರಕೆ ತಾಗುತ್ತದೆ ಎಂದು ಸುಮಿತ್ರಾ ಸಂಜೆ ಐದಕ್ಕೇ ಪಕ್ಕದ ಮನೆಯಿಂದ ಸುತ್ತಿಗೆ ತಂದು ಗೋಡೆಗೆ ಮೊಳೆ ಹೊಡೆದಿದ್ದಳು. ಅವಳು ಅವನ ಖಾಲಿ ಕೈ ನೋಡಿದಳು. ದಿವಾಕರ ತುಪ್ಪ ಮೆತ್ತಿದ ಅಂಗಿಯನ್ನು ಬಿಚ್ಚಿ ಆ ಮೊಳೆಗೆ ತೂಗುಹಾಕಿದ.