ಎಲ್ಲ ಐಸ್‌ಕ್ರೀಮೂ ಪಾಸಾದ ಭಾನುವಾರ

ನಮ್ಮ ಮಾವ ಐಸ್‌ಕ್ರೀಮ್ ತಿನ್ನುವುದನ್ನು ಇದುವರೆಗೆ ಯಾರೂ ಕಂಡಿಲ್ಲ. ಅವರು ಅದನ್ನು ತಪಾಸಣೆ ಮಾಡುತ್ತಾರೆ! ನಂಬಿಕೆ ಬಾರದಿದ್ದರೆ ಯಾವುದಾದರೂ ಭಾನುವಾರ ಸಂಜೆ ನಮ್ಮ ಜೊತೆ ಇಂದಿರಾನಗರಕ್ಕೆ ಬನ್ನಿ. ನನಗೂ ಸ್ವಲ್ಪ ಧೈರ್ಯವಾಗುತ್ತದೆ. ಮಾವನೊಂದಿಗೆ ಏನನ್ನಾದರೂ ತಿನ್ನಲು ಹೊರಟರೆ ಸಾಕು, ನಾನು ಮುಖ ಮುಚ್ಚಿಕೊಳ್ಳಲು ದುಪಟ್ಟಾ ಹುಡುಕುತ್ತೇನೆ.

ಮಾವ, ಅಂದರೆ ಅಮ್ಮನ ಅಣ್ಣ, ವಿಮಾನದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ ‘ಪಾಸ್’ ಅಥವಾ ‘ಫೇಲ್’ ಎಂದು ಮುದ್ರೆ ಒತ್ತುತ್ತಿದ್ದವರು. ನಿವೃತ್ತರಾದ ದಿನ ಮುದ್ರೆಯನ್ನು ಕಾರ್ಖಾನೆಗೆ ಒಪ್ಪಿಸಿದರು. ಅಭ್ಯಾಸವನ್ನು ಮಾತ್ರ ಜೀವನ್ ಬಿಮಾ ನಗರದ ಮನೆಗೆ ತಂದುಬಿಟ್ಟರು. ಎದುರಿಗೆ ಬಂದ ಯಾವ ತಿಂಡಿಯೇ ಆಗಲಿ, ಮೊದಲು ಜೇಬಿನ ಟಾರ್ಚ್ ಬೆಳಕು, ಆಮೇಲೆ ಉಗುರಿನಿಂದ ಟಕಟಕ, ಕೊನೆಗೆ ಕಣ್ಣು ಮುಚ್ಚಿ ಒಂದು ತುತ್ತು. ಹಲಸೂರಿನ ಹೋಟೆಲೊಂದರಲ್ಲಿ ಮಸಾಲೆ ದೋಸೆಯ ಮೇಲೆ ಟಾರ್ಚ್ ಬಿಟ್ಟಾಗ ಮಾಲೀಕರು ಇವರನ್ನು ಸರ್ಕಾರದ ಅಧಿಕಾರಿಯೆಂದೇ ತಿಳಿದು, ಪುಕ್ಕಟೆ ಕಾಫಿ ಕಳಿಸಿದರು. ಮಾವ ಅದನ್ನೂ ಫೇಲ್ ಮಾಡಿದರು!

ಕಮ್ಮನಹಳ್ಳಿಯಲ್ಲಿ ಒಂದು ಮದುವೆ. ಎಲೆಗೆ ಲಾಡು ಬಿತ್ತು. ಮಾವ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಟಕಟಕ ಬಡಿದರು. ಪಕ್ಕದ ಎಲೆಯ ಅಜ್ಜಿ ಕೇಳಿದರು, “ಏನಪ್ಪಾ, ಒಳಗಡೆ ಯಾರಾದ್ರೂ ಇದಾರಾ?”

“ಲೂಸ್ ಇದೆ ಕಣಮ್ಮ. ಕಟ್ಟಿದೋರು ಅವಸರ ಮಾಡಿದಾರೆ.”

ಹುಡುಗಿಯ ತಂದೆ ಎದುರಿಗೇ ನಿಂತಿದ್ದರು. ನಾನು ಪಾಯಸದಲ್ಲಿ ಮುಳುಗಿ ಸಾಯಬಹುದೇ ಎಂದು ನೋಡಿದೆ. ಆಳ ಸಾಲದು.

ಮನೆಗೆ ಬರುತ್ತಾ ಕೇಳಿಯೇಬಿಟ್ಟೆ. “ಸುಮ್ನೆ ಚೆನ್ನಾಗಿದೆ ಅಂದ್ಬಿಟ್ರೆ ಏನಾಗುತ್ತೆ ಮಾವ?”

“ಇಲ್ಲದ್ದನ್ನ ಇದೆ ಅಂತ ನಾನು ಮುದ್ರೆ ಒತ್ತಿದ್ರೆ ಮೇಲಿರೋನು ಕೆಳಗೆ ಬೀಳ್ತಾನೆ.”

“ಲಾಡು ಹಾರಲ್ವಲ್ಲ!”

“ಇವತ್ತು ಲಾಡು ವಿಷಯದಲ್ಲಿ ಸುಳ್ಳು ಹೇಳಿದೋನು ನಾಳೆ ರೆಕ್ಕೆ ವಿಷಯದಲ್ಲೂ ಹೇಳ್ತಾನೆ ಪುಟ್ಟಿ.”

ಇಂಥವರ ಜೊತೆ ಸಂಸಾರ ಮಾಡಿದ ಅತ್ತೆಯ ಗತಿ ಏನು ಹೇಳಲಿ? ಅತ್ತೆಯ ಕಾಫಿಗೆ ಮದುವೆಯಾದಂದಿನಿಂದ ‘ತಾತ್ಕಾಲಿಕ ಪಾಸ್’. “ಕಾಫಿ ಬಿಡು, ನಾನೇ ಇನ್ನೂ ಪರ್ಮನೆಂಟ್ ಆಗಿಲ್ಲ ಕಣೇ” ಎನ್ನುತ್ತಾರೆ ಅತ್ತೆ.

ಹೀಗಿರುವಾಗ ಇಂದಿರಾನಗರದ ಒಳರಸ್ತೆಯಲ್ಲಿ ಪುಟ್ಟ ಐಸ್‌ಕ್ರೀಮ್ ಅಂಗಡಿಯೊಂದು ತೆರೆಯಿತು. ಒಬ್ಬಳೇ ಹುಡುಗಿ. ಹಿಂದಿನ ಕೋಣೆಯಲ್ಲಿ ತಾನೇ ಹಾಲು ಕಾಯಿಸಿ, ಹಣ್ಣು ಹಿಂಡಿ, ರಾಗಿ ಹುರಿದು ಐಸ್‌ಕ್ರೀಮ್ ಮಾಡುತ್ತಾಳೆ. ಮುಂದೆ ಬಂದು ತಾನೇ ಮಾರುತ್ತಾಳೆ. ಮಾವನಿಗೆ ಇದು ಗೊತ್ತಾಗಬಾರದೆಂದು ನಾನು ಹರಕೆ ಹೊರುವುದೊಂದು ಬಾಕಿ. ಗೊತ್ತಾಯಿತು.

ಮೊದಲ ದಿನವೇ ರಾಗಿ-ಬೆಲ್ಲದ ಐಸ್‌ಕ್ರೀಮಿಗೆ ಟಾರ್ಚ್ ಬಿತ್ತು. ನಾನು ಓಡಲು ಅನುಕೂಲವಾಗಲೆಂದು ಒಂದು ಕಾಲನ್ನು ಮೆಟ್ಟಿಲ ಮೇಲೇ ಇಟ್ಟುಕೊಂಡಿದ್ದೆ. ಮಾವ ಕಣ್ಣು ಮುಚ್ಚಿ ಚಪ್ಪರಿಸಿ, “ಫೇಲ್” ಎಂದರು.

ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. “ಯಾಕೆ ಅಂಕಲ್?”

“ರಾಗಿ ಅರ್ಧ ಸೀದಿದೆ. ಹುರೀತಾ ಹುರೀತಾ ಕೈ ನಿಲ್ಸಿದೀಯಮ್ಮ.”

“ಅಯ್ಯೋ, ಅಮ್ಮನ ಫೋನ್ ಬಂದಿತ್ತು!” ಎಂದು ಅವಳು ನಾಲಗೆ ಕಚ್ಚಿಕೊಂಡಳು. ಆಮೇಲೆ ನಕ್ಕುಬಿಟ್ಟಳು. “ಮುಂದಿನ ವಾರ ಬನ್ನಿ ಅಂಕಲ್, ಫೋನ್ ಆಫ್ ಮಾಡಿ ಹುರೀತೀನಿ.”

ಅಂದಿನಿಂದ ಪ್ರತಿ ಭಾನುವಾರ ತಪಾಸಣೆ. ಎಲ್ಲಕ್ಕೂ ತಾರೀಕು ಹಾಕಿ ಲೆಕ್ಕ ಬರೆದಿಡುವ ರೋಗ ನನಗಿದೆ. ಆದ್ದರಿಂದ ಖಚಿತವಾಗಿ ಹೇಳಬಲ್ಲೆ, ಒಂದೂ ಪಾಸಾಗಲಿಲ್ಲ. ಸೀಬೆಹಣ್ಣಿಗೆ ಖಾರ ತಡವಾಗಿ ಬರುತ್ತದೆ, ಹಲಸು ನಿನ್ನೆಯದು, ಕಾಫಿಯಲ್ಲಿ ಚಿಕೋರಿ ಮುಂದೆ ನಿಂತಿದೆ. ಹುಡುಗಿಗೆ ಛಲ ಹತ್ತಿತು. “ಒಂದಿನ ಪಾಸ್ ಮಾಡಿಸ್ಕೊಂಡೇ ಮಾಡಿಸ್ಕೋತೀನಿ!”

ನಡುವೆ ಮಾವನಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಎದ್ದ ಮರುದಿನ ಬೆಳಿಗ್ಗೆ ಅತ್ತೆಯ ಫೋನ್.

“ಪುಟ್ಟಿ, ನಿಮ್ಮ ಮಾವ ಕಾಫಿ ಚೆನ್ನಾಗಿದೆ ಅಂದ್ರು ಕಣೇ!”

“ಒಳ್ಳೇದೇ ಅಲ್ವಾ ಅತ್ತೆ?”

“ಏನು ಒಳ್ಳೇದು? ನಂಗೆ ಕೈಕಾಲೇ ಆಡ್ತಿಲ್ಲ!”

ನಾನು ನಕ್ಕೆ. ಫೋನಿಟ್ಟ ಮೇಲೆ ನಗು ನಿಂತಿತು. ತಿಂಡಿಗೆ ಉಪ್ಪಿಟ್ಟೂ ಚೆನ್ನಾಗಿತ್ತಂತೆ, ಹಿಂದಿನ ರಾತ್ರಿಯ ಸಪ್ಪೆ ಗಂಜಿಯೂ ಚೆನ್ನಾಗಿತ್ತಂತೆ. ಟಾರ್ಚ್ ಮೇಜಿನ ಮೇಲೇ ಬಿದ್ದಿತ್ತಂತೆ. ಇಷ್ಟು ವರ್ಷ ಮಾವ ಎಲ್ಲಿ ಫೇಲ್ ಎನ್ನುತ್ತಾರೋ ಎಂದು ಹೆದರಿದವಳು ನಾನು. ಈಗ ಎಲ್ಲಿ ಪಾಸ್ ಎನ್ನುತ್ತಾರೋ ಎಂದು ಹೆದರತೊಡಗಿದೆ.

ಆ ಭಾನುವಾರ ನಾನೇ ಅವರನ್ನು ಐಸ್‌ಕ್ರೀಮ್ ಅಂಗಡಿಗೆ ಎಳೆದುಕೊಂಡು ಹೋದೆ. ಟಾರ್ಚನ್ನು ನಾನೇ ಅವರ ಜೇಬಿಗೆ ಹಾಕಿದೆ. ಹುಡುಗಿ ಸಾಲಾಗಿ ಚಮಚಗಳನ್ನಿಟ್ಟು ಕೈಕಟ್ಟಿ ನಿಂತಳು.

ರಾಗಿ-ಬೆಲ್ಲ. “ಪಾಸ್.”

ಹುಡುಗಿ ಕುಣಿದಳು. “ಅಂಕಲ್! ನಿಜವಾಗ್ಲೂ?”

ಕಾಫಿ. “ಪಾಸ್.” ಹಲಸು. “ಪಾಸ್.” ಸೀಬೆ-ಖಾರ. ಅದಕ್ಕೂ ಪಾಸ್. ಅವಳ ಕುಣಿತ ನಿಧಾನವಾಗಿ ನಿಂತಿತು. ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, “ಹಲಸು ಮೊನ್ನೇದು ಕಣ್ರೀ. ಬೇಕಂತಲೇ ಇಟ್ಟಿದ್ದೆ, ಅಂಕಲ್ ಹಿಡೀತಾರೆ ಅಂತ.”

ಆಗ ಗಮನಿಸಿದೆ. ಮಾವ ಕಣ್ಣು ಮುಚ್ಚುತ್ತಿರಲಿಲ್ಲ. ಪ್ರತಿ ಚಮಚ ಬಾಯಿಗಿಡುವ ಮೊದಲು ಗೋಡೆಯ ಮೇಲಿನ ಪಟ್ಟಿಯಲ್ಲಿ ಅದರ ಹೆಸರು ಓದಿಕೊಳ್ಳುತ್ತಿದ್ದರು.

“ಮಾವ, ಏನು ಗೊತ್ತಾಗ್ತಿದೆ?”

ಅವರು ಟಾರ್ಚನ್ನು ಒತ್ತಿದರು, ಆರಿಸಿದರು, ಮತ್ತೆ ಒತ್ತಿದರು. “ತಣ್ಣಗಿದೆ ಕಣೇ. ಅಷ್ಟೇ ಗೊತ್ತಾಗ್ತಿರೋದು.” ಆಮೇಲೆ ದನಿ ತಗ್ಗಿಸಿ, “ವಾಸನೆನೂ ಇಲ್ಲ. ನಿಮ್ಮತ್ತೆಗೆ ಹೇಳ್ಬೇಡ, ಹೆದರ್ಕೋತಾಳೆ. ನೋಡೋಣ, ಬರುತ್ತೆ ಅಂತಾರೆ ಡಾಕ್ಟ್ರು.”

“ಬರದೇ ಇದ್ರೆ?” ಎಂದು ನಾನು ಕೇಳಲಿಲ್ಲ. ನನ್ನ ಮುಖವೇ ಕೇಳಿರಬೇಕು. ಮಾವ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಉಳಿದಿದ್ದ ಕೊನೆಯ ಚಮಚ ಎತ್ತಿಕೊಂಡರು. ಎಳನೀರಿನದು. ಅದಕ್ಕೆ ಟಾರ್ಚ್ ಹಾಕಿದರು. ಉಗುರಿನಿಂದ ಟಕಟಕ ಬಡಿದರು. ಕಣ್ಣು ಮುಚ್ಚಿ ಬಾಯಿಗಿಟ್ಟು, ಅಂಗಡಿಗೆಲ್ಲ ಕೇಳುವಂತೆ ಹೇಳಿದರು:

“ಫೇಲ್! ಉಪ್ಪು ಜಾಸ್ತಿ.”

ಹುಡುಗಿ ಎಳನೀರಿನ ಬಟ್ಟಲನ್ನು ನನ್ನ ಕಡೆ ಸರಿಸಿದಳು. ನಾನು ಆ ಬಟ್ಟಲಿನಿಂದಲೇ ಒಂದು ಚಮಚ ತಿಂದೆ. ಎಳನೀರು, ಹಾಲು, ಸಕ್ಕರೆ. ಉಪ್ಪಿನ ಸುಳಿವೇ ಇರಲಿಲ್ಲ.

“ಹೌದು ಮಾವ,” ಎಂದೆ. “ತುಂಬಾ ಜಾಸ್ತಿ.”