ಲಾಡಿಯ ಲಗಾಮು

ನಮ್ಮ ದೊಡ್ಡಪ್ಪನಂಥ ಕುದುರೆ ಸವಾರರು ಇಡೀ ಗುಜರಾತಿನಲ್ಲೇ ಇಲ್ಲ. ಇದುವರೆಗೆ ಕುದುರೆ ಹತ್ತಿಲ್ಲ, ಅದೊಂದು ಬಿಟ್ಟರೆ ಬೇರೆ ಕೊರತೆಯೇನೂ ಇಲ್ಲ!

ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ವಡೋದರಕ್ಕೆ ಬಂದವರು ನಿವೃತ್ತರಾಗಿ ಫತೇಗಂಜ್‌ನಲ್ಲೇ ಉಳಿದರು. ಅಲ್ಲಿನ ಹಳೇ ಪುಸ್ತಕದಂಗಡಿಯಲ್ಲಿ, ಕುದುರೆಯನ್ನು ಹೊಡೆಯದೆ ಬಡಿಯದೆ ಪಳಗಿಸುವ ವಿದ್ಯೆಯ ಪುಸ್ತಕವೊಂದು ಸಿಕ್ಕಿತು. ಒಂದು ಹೋಗಿ ಹನ್ನೊಂದಾಯಿತು. ಊಟವಾದ ಮೇಲೆ ಸೋಫಾದ ಕೈಮೇಲೆ ದಿಂಬು ಹಾಕಿ, ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಕಣ್ಣು ಅರೆಮುಚ್ಚಿ ಮೆಲ್ಲಗೆ ತೂಗುತ್ತಾ, ಫ್ಯಾನಿನ ಗಾಳಿಯಲ್ಲೇ ಮಹಿ ನದಿಯ ದಂಡೆಗುಂಟ ಹೋಗಿಬಿಡುತ್ತಾರೆ. ಲಗಾಮು? ಪೈಜಾಮದ ಲಾಡಿ. ಅದರ ಇನ್ನೊಂದು ತುದಿಯನ್ನು ದೊಡ್ಡಮ್ಮ ಎರಡೇ ಬೆರಳಲ್ಲಿ ಹಿಡಿದಿರಬೇಕು. ಕುದುರೆಯ ಬಾಯಿ ಬಲು ಮೃದುವಂತೆ, ಎಳೆದದ್ದು ಅದಕ್ಕೆ ಗೊತ್ತೇ ಆಗಬಾರದಂತೆ, ನೋವಾಗಬಾರದಂತೆ.

"ಈಗ ಎಳೆದೆನೇನೇ?"

"ಎಳೆದ್ರಿ. ಅಲ್ಲಿ ಸಾರು ಉಕ್ತಾ ಇದೆ, ಬಿಡಿ ನನ್ನ."

ಸೂರತ್ತಿನ ಅಡಾಜಣ್‌ನಿಂದ ನಾನು ರಜೆಗೆ ಹೋದಾಗಲೆಲ್ಲ ನನಗೆ ಕುದುರೆಯಾಗಿ ಬಡ್ತಿ. ಒಮ್ಮೆ ಖಾಕ್ರಾ ಅಗಿಯುತ್ತಾ ಲಾಡಿ ಹಿಡಿದು ಕೂತಿದ್ದೆ. ದೊಡ್ಡಪ್ಪ ಪುಳಕಿತರಾದರು. "ನೋಡೇ, ದವಡೆ ಆಡಿಸ್ತಿದಾನೆ. ಹೆದರಿಕೆ ಬಿಟ್ಟ ಕುದುರೆ ಹೀಗೇ ಮಾಡೋದು."

"ಅವನು ಹುಟ್ಟಿದಾಗಿಂದ ಮಾಡ್ತಿರೋದು ಅದೇ" ಎಂದರು ದೊಡ್ಡಮ್ಮ.

ಸೊಂಟದ ಭಾರವನ್ನು ಕೆಳಕ್ಕೆ ಬಿಟ್ಟರೆ ಕುದುರೆ ತಾನಾಗಿ ನಿಲ್ಲುತ್ತದೆಂದು ಐದನೇ ಪುಸ್ತಕದಲ್ಲಿತ್ತು. ಮರುದಿನ ಸ್ಕೂಟರಿನ ಮೇಲೆ ಭಾರ ಬಿಟ್ಟರು. ಸ್ಕೂಟರ್ ಆ ಪುಸ್ತಕ ಓದಿರಲಿಲ್ಲ! ಸೀದಾ ಚಹಾದ ಗಾಡಿಗೆ ಹೋಗಿ ಗುದ್ದಿತು. ಚಹಾದವನು ನಿಟ್ಟುಸಿರಿಟ್ಟು, "ಕಾಕಾ, ಬ್ರೇಕ್ ತೋ ಮಾರೋ" ಎಂದ.

ನಗುತ್ತಲೇ ಇದ್ದೆವು, ಮೊನ್ನೆ ಚಳಿಗಾಲದವರೆಗೆ. ದೊಡ್ಡಪ್ಪನ ಎರಡೂ ಮಂಡಿಗೆ ಆಪರೇಷನ್ ನಿಗದಿಯಾಯಿತು. ಆಮೇಲೆ ಕುದುರೆಯ ಮಾತೇ ಎತ್ತಬೇಡಿ ಎಂದರು ಡಾಕ್ಟರು. ಹತ್ತುವುದಾದರೆ ಈಗಲೇ, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ಹಿಂದಿನ ಗಲ್ಲಿಯ ಬೇವಿನ ಮರದಡಿ ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಬಿಳಿ ಕುದುರೆಯೊಂದಿತ್ತು. ದೊಡ್ಡಮ್ಮ ತಾವೇ ಹೋಗಿ ಅದರ ಯಜಮಾನನನ್ನು ಒಪ್ಪಿಸಿ ಬಂದರು. ಸಂಜೆ ಹತ್ತಲು ಅನುಕೂಲವಾಗಲೆಂದು ಅಡುಗೆಮನೆಯ ಸ್ಟೂಲನ್ನೂ ಹೊತ್ತು ತಂದರು. ದೊಡ್ಡಪ್ಪ ಇಸ್ತ್ರಿ ಶರಟು ಹಾಕಿದ್ದರು. ಸೂರತ್ತಿನಿಂದ ಬಂದಿದ್ದ ನಾನೂ ಹಿಂದೆ ನಡೆದೆ.

ಹತ್ತುವ ಮೊದಲು ಬೆನ್ನು ಸವರಿ ನೋಡು ಎನ್ನುತ್ತದೆ ಮೊದಲ ಪುಸ್ತಕದ ಮೊದಲ ಪಾಠ. ಜರಿಯ ಜೀನಿನಡಿ ಕೈ ತೂರಿಸಿದರು. ಕುದುರೆ ಬೆಚ್ಚಿಬಿದ್ದು ಚರ್ಮ ಅದುರಿಸಿತು. ಜೀನನ್ನು ಎತ್ತಿ ನೋಡಿದರೆ ಅಂಗೈಯಗಲ ಹಸಿ ಗಾಯ.

"ಕುಛ್ ನಹೀ ಹೋತಾ ಕಾಕಾ, ಪಾಂಚ್ ಮಿನಿಟ್" ಎಂದ ಯಜಮಾನ, ಏನೂ ಆಗದೆಂಬಂತೆ.

"ಇಷ್ಟು ವರ್ಷ ಕಾದಿದೀರಿ, ಒಂದ್ಸಲ ಕೂತು ಇಳೀರಿ" ಎಂದರು ದೊಡ್ಡಮ್ಮ.

"ಅದಕ್ಕೆ ನೋಯತ್ತೆ ಕಣೇ."

ಅಷ್ಟೇ ಅಂದರು. ಜೀನು ಬಿಚ್ಚಿಸಿ ಕೆಳಗಿಡಿಸಿದರು. ಲಗಾಮನ್ನು ಸಡಿಲವಾಗಿ ಹಿಡಿದು, ಕುಂಟುತ್ತಾ ಅದರ ಪಕ್ಕ ಬೇವಿನ ಮರ ಸುತ್ತತೊಡಗಿದರು. ನನಗೆ ಅಳು ಬಂತು, ಮುಚ್ಚಿಡುವುದೇಕೆ? ಎರಡನೇ ಸುತ್ತಿಗೆ ಕುದುರೆ ತಲೆ ತಗ್ಗಿಸಿ ಮೆಲ್ಲಗೆ ದವಡೆ ಆಡಿಸಿತು. ದೊಡ್ಡಮ್ಮ ಸ್ಟೂಲನ್ನು ನನ್ನ ಕೈಗಿತ್ತು, ಹೋಗಿ ಕುದುರೆಯ ಬಾಯಿಯ ಹತ್ತಿರ ಅದೇ ಲಗಾಮನ್ನು ಎರಡು ಬೆರಳಲ್ಲಿ ಹಿಡಿದು ಜೊತೆಗೆ ನಡೆದರು.

"ಈಗ ಎಳೆದೆನೇನೇ?"

"ಇಲ್ಲ ಕಣ್ರೀ" ಎಂದರು ದೊಡ್ಡಮ್ಮ. "ಗೊತ್ತೇ ಆಗ್ಲಿಲ್ಲ."